ಎ ನ್ಯೂ ವೇ ಆಫ್ ಲೈಫ್: ಮನೆ ಚೆನ್ನ, ಕಾಗದಪತ್ರದ ಕೆಲಸ ಇನ್ನೂ ಚೆನ್ನ

ಕ್ಯಾಲಿಫೋರ್ನಿಯಾದ ಜೈಲಿನಿಂದ ಹೊರಬೀಳುವವರ ಕೈಗೆ ಸರ್ಕಾರ ಇಡುವುದು 200 ಡಾಲರ್. ಮೈಮೇಲಿನ ಬಟ್ಟೆ, ಬಸ್ ಟಿಕೆಟ್ ಬೇಕೆಂದರೆ ಅದನ್ನೂ ಇದರಲ್ಲೇ ಮುರಿದುಕೊಳ್ಳುತ್ತಾರೆ. ಆ ದುಡ್ಡು ಹಿಡಿದು ಮತ್ತೆ ಮತ್ತೆ ಅದೇ ಬೀದಿಗೆ ಬಂದಿಳಿದವರು ಸೂಸನ್ ಬರ್ಟನ್. ಐದು ವರ್ಷದ ಮಗ ಪೊಲೀಸ್ ಅಧಿಕಾರಿಯ ವಾಹನಕ್ಕೆ ಸಿಕ್ಕಿ ತೀರಿಕೊಂಡ. ದುಃಖ ಕ್ರ್ಯಾಕ್ ಕೊಕೇನ್ ಚಟಕ್ಕೆ, ಚಟ ಜೈಲಿಗೆ ಎಳೆಯಿತು. ಚಿಕಿತ್ಸೆ ಸಿಕ್ಕಿದ್ದು 1997ರಲ್ಲಿ. ಮರುವರ್ಷವೇ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ, ಜೈಲಿನಿಂದ ಬರುವ ಹೆಂಗಸರಿಗಾಗಿ 'ಎ ನ್ಯೂ ವೇ ಆಫ್ ಲೈಫ್' ಎಂಬ ಈ ಮನೆ ತೆರೆದರು.

ವಸತಿಯ ವಿಷಯದಲ್ಲಿ ತಕರಾರಿಲ್ಲ. ಇಲ್ಲಿ ತಾಯಂದಿರು ಮಕ್ಕಳನ್ನೂ ಇಟ್ಟುಕೊಳ್ಳಬಹುದು, ಅದು ಸಣ್ಣ ಮಾತಲ್ಲ. 1997ರ ಫೆಡರಲ್ ಕಾನೂನಿನಂತೆ, ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಸರ್ಕಾರದ ಪೋಷಣೆಯಲ್ಲಿದ್ದರೆ ತಾಯಿಯ ಹಕ್ಕು ರದ್ದತಿಗೆ ರಾಜ್ಯವೇ ಅರ್ಜಿ ಹಾಕಬೇಕು, ವಿನಾಯಿತಿಗಳು ಕೆಲವೇ. ಒಂದೂವರೆ ವರ್ಷದ ಶಿಕ್ಷೆಯಷ್ಟೇ ಸಾಕು, ಮಗು ಕೈತಪ್ಪಬಹುದು. ಮಗುವನ್ನು ಮರಳಿ ಕೇಳುವಾಗ ನ್ಯಾಯಾಲಯ ಮೊದಲು ವಿಚಾರಿಸುವುದು ಎಲ್ಲಿರುತ್ತೀರಿ ಎಂದೇ.

ಆದರೆ ಈ ಸಂಸ್ಥೆಯ ನಿಜವಾದ ಕಸುಬು ಕಾನೂನು ನೆರವು. ಹಳೆಯ ತೀರ್ಪನ್ನು ವಜಾ ಮಾಡಿಸುವುದು ಕೇಳಲು ಸುಲಭ. ಮೊದಲು ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆಯಿಂದ ಪೂರ್ತಿ ದಾಖಲೆ ತರಿಸಬೇಕು. ಶುಲ್ಕ 25 ಡಾಲರ್, ಆದಾಯ ಕಡಿಮೆಯಿದ್ದರೆ ಮಾಫಿ ಕೇಳಬಹುದು. ನೆನಪಿನ ಮೇಲೆ ಅರ್ಜಿ ಬರೆದವರು ಎಡವುವುದು ಇಲ್ಲೇ: ಕೇಸ್ ನಂಬರ್ ತಪ್ಪುತ್ತದೆ, ಕಲಂ ತಪ್ಪುತ್ತದೆ, ಮರೆತೇಹೋದ ಹಳೆಯ ಪ್ರಕರಣ ಹೊರಬೀಳುತ್ತದೆ. ಪ್ರತಿ ಪ್ರಕರಣಕ್ಕೂ ವಜಾ ಅರ್ಜಿಯ ಬೇರೆ ಸಿಆರ್-180 ನಮೂನೆ, ಅದೂ ಶಿಕ್ಷೆ ಕೊಟ್ಟ ಕೌಂಟಿಯ (ಜಿಲ್ಲೆಯ) ನ್ಯಾಯಾಲಯದಲ್ಲೇ. ಸರ್ಕಾರಿ ವಕೀಲರಿಗೆ 15 ದಿನದ ನೋಟಿಸ್ ಹೋಗಬೇಕು. ರಾಜ್ಯ ಜೈಲಿನ ಶಿಕ್ಷೆಯಾದರೆ, ಅದು ಪೂರ್ತಿ ಮುಗಿದು ಎರಡು ವರ್ಷ ಕಳೆದಿರಬೇಕು.

ಆದೇಶ ಕೈಗೆ ಬಂದಮೇಲೂ ಹುಷಾರಾಗಿರಬೇಕು. ವಜಾ ಎಂದರೆ ಅಳಿಸಿಹಾಕಿದ್ದು ಅಂತಲ್ಲ. ವೃತ್ತಿ ಪರವಾನಗಿ ಕೊಡುವ ರಾಜ್ಯ ಇಲಾಖೆ ಕೇಳಿದರೆ ಹೇಳಲೇಬೇಕು, ವಲಸೆ ಕಾನೂನಿನೆದುರು ಇದು ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಕೆಲಸಕ್ಕೆ ಬರುವವರ ಹಿನ್ನೆಲೆ ತಪಾಸಣೆ ಮಾಡುವ ಖಾಸಗಿ ಕಂಪನಿಗಳು ಹಳೆಯ ಮಾಹಿತಿಯನ್ನೇ ಮಾರುತ್ತಿರುತ್ತವೆ. ಆದೇಶದ ಪ್ರತಿ ಕಳಿಸಿ ತಿದ್ದಿಸದಿದ್ದರೆ ತಾವಾಗಿ ತಿದ್ದುವುದಿಲ್ಲ. ಇಂಥದ್ದನ್ನೆಲ್ಲ ಒಬ್ಬಂಟಿಯಾಗಿ ಮಾಡುವುದು ಹುಚ್ಚು ಸಾಹಸ, ಹಾಗಾಗಿ ಸಂಸ್ಥೆಯ ಈ ಕಾನೂನು ನೆರವಿನ ಕ್ಲಿನಿಕ್‌ಗೆ ಪೂರ್ತಿ ಅಂಕ.

ಕೊರತೆ ಹಾಸಿಗೆಗಳದ್ದು. ಬೇಕಾದವರೆಲ್ಲರಿಗೂ ಸಿಗುವುದಿಲ್ಲ. ಬಿಡುಗಡೆಯ ದಿನ ಬಾಗಿಲು ತಟ್ಟುವ ಬದಲು ಒಳಗಿರುವಾಗಲೇ ಪತ್ರ ಬರೆಯುವುದು ಜಾಣತನ. ಇದೇ ಮಾದರಿಯ ಮನೆಗಳನ್ನು ಬೇರೆಡೆ ಬೆಳೆಸಲು ಸೇಫ್ ಹೌಸಿಂಗ್ ನೆಟ್‌ವರ್ಕ್ ಕಟ್ಟಿರುವುದು ಸರಿಯಾದ ದಾರಿಯೇ, ಆದರೆ ನಿಧಾನದ ದಾರಿ.

ಬರ್ಟನ್ ಅವರ ಹೋರಾಟದ ಫಲವನ್ನು ಕೆಲಸದ ಅರ್ಜಿಯಲ್ಲೇ ನೋಡಬಹುದು. 'ಶಿಕ್ಷೆಯಾಗಿದೆಯೇ?' ಎಂಬ ಚೌಕವನ್ನು ತೆಗೆಸಲು ಅವರಂಥ ಮಾಜಿ ಕೈದಿಗಳು ವರ್ಷಗಟ್ಟಲೆ ದುಡಿದರು. 2018ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಷರತ್ತಿನ ಮೇಲೆ ಕೆಲಸ ಕೊಡುವೆವು ಎಂದ ಮೇಲಷ್ಟೇ ಅಪರಾಧ ದಾಖಲೆ ಕೇಳಬಹುದು. ಬೇಡವೆಂದರೆ ಮೊದಲ ನೋಟಿಸ್ ಕೊಟ್ಟು, ಉತ್ತರಕ್ಕೆ ಕನಿಷ್ಠ ಐದು ಕೆಲಸದ ದಿನ ಕಾಯಬೇಕು. ಐವರಿಗಿಂತ ಕಡಿಮೆ ನೌಕರರಿರುವ ಅಂಗಡಿಗೆ ಈ ಕಾನೂನು ತಾಗುವುದಿಲ್ಲ.