ಅಲ್ಟ್ರಾಮನ್ ಸಂಗೀತವೋ, ಅಲ್ಟ್ರಾಸೆವೆನ್ ಸಂಗೀತವೋ?

ಜಪಾನಿನ ಈ ಎರಡು ಟಿವಿ ಸಾಹಸ ಧಾರಾವಾಹಿಗಳ ಸಂಗೀತ ಆಲ್ಬಂಗಳಲ್ಲಿ, ವಾದ್ಯವೃಂದದ ಗಾಂಭೀರ್ಯ ಬೇಕೆಂದರೆ ಹಿಂದೆಮುಂದೆ ನೋಡದೆ 'ಅಲ್ಟ್ರಾಸೆವೆನ್' (1967) ಆರಿಸಿಕೊಳ್ಳಿ. ತೋರು ಫುಯುಕಿ ಅವರ ಶೀರ್ಷಿಕೆ ಗೀತೆಯಲ್ಲಿ 'ಸೆವೆನ್, ಸೆವೆನ್' ಎಂಬ ಕೂಗಿನ ಬೆನ್ನಿಗೇ ಫ್ರೆಂಚ್ ಹಾರ್ನ್‌ಗಳು ಮೊಳಗುತ್ತವೆ, ಮೈ ಜುಮ್ಮೆನ್ನುತ್ತದೆ. ಕುನಿಯೊ ಮಿಯಾಉಚಿ ಅವರ 'ಅಲ್ಟ್ರಾಮನ್' (1966) ಜಾಝ್‌ನತ್ತ ವಾಲುತ್ತದೆ. ತುತ್ತೂರಿಗಳ ಚುರುಕು, ತಾಳದ ಓಟ. ಕೆಲಸ ಮಾಡುತ್ತಾ ಕೇಳಲು ಇದೇ ಹಿತ.

ಇಂಥ ಧಾರಾವಾಹಿಗಳಿಗೆ ಸಣ್ಣ ಸಣ್ಣ ತುಣುಕುಗಳನ್ನು ಒಟ್ಟಿಗೇ ಧ್ವನಿಮುದ್ರಿಸಿಟ್ಟುಕೊಂಡು, ಸಂಚಿಕೆಗೆ ತಕ್ಕಂತೆ ಆರಿಸಿ ಜೋಡಿಸುತ್ತಿದ್ದರು. ಹಾಗಾಗಿ ಎರಡೂ ಆಲ್ಬಂಗಳಲ್ಲಿ ಎಷ್ಟೋ ಕಡೆ ಸಂಗೀತ ಅರಳುವಷ್ಟರಲ್ಲೇ ತುಣುಕು ಮುಗಿದಿರುತ್ತದೆ.

ಸೆವೆನ್‌ನ ಕೊನೆಯ ಸಂಚಿಕೆಯ ಪಿಯಾನೊಗಾಗಿಯೇ ಕೊಳ್ಳುವವರು ಗಮನಿಸಿ: ಅದು ಫುಯುಕಿ ಅವರ ರಚನೆಯಲ್ಲ, ಜರ್ಮನ್ ಸಂಗೀತಕಾರ ಶೂಮನ್‌ನ ಎ ಮೈನರ್ ಪಿಯಾನೊ ಕಾನ್ಚೆರ್ಟೊ (ವಾದ್ಯವೃಂದದೊಡನೆ ಪಿಯಾನೊ ನುಡಿಸುವ ಕೃತಿ). ಪಿಯಾನೊ ವಾದಕ ಡೀನು ಲಿಪಾಟಿ ನುಡಿಸಿದ ಮುದ್ರಿಕೆಯನ್ನು ಬೇರೆಯಾಗಿ ಹುಡುಕಿಕೊಳ್ಳಿ.