ಏರ್‌ಬ್ಯಾಗ್ ಲೈಟ್ ಆರಿಸಲು ಯಾವ ದಾರಿ ಮೇಲು? ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಮಾಡಿ ನೋಡಿದ ಹೋಲಿಕೆ

ಹಳೇ ಸ್ಪೋರ್ಟ್ಸ್ ಕಾರಿನ ಏರ್‌ಬ್ಯಾಗ್ ಲೈಟ್ ಹೊತ್ತಿಕೊಂಡು ಆರದೇ ಕೂತರೆ ತಲೆಗೊಂದು ಸಲಹೆ ಬರುತ್ತದೆ. ಅಗ್ಗದ ಸ್ಕ್ಯಾನರ್ ತಗೋ, ದುಬಾರಿಯದ್ದೇ ತಗೋ, ಸೀಟಿನ ಕೆಳಗೆ ಸ್ಪ್ರೇ ಹೊಡಿ, ಸೀಟ್ ಬೆಲ್ಟ್ ಬಕಲ್ ಬದಲಾಯಿಸು, ಇಲ್ಲಾ ಬಲ್ಬ್ ಕಿತ್ತುಹಾಕು. ಕೊನೆಯದನ್ನು ಬಿಟ್ಟು ಉಳಿದದ್ದನ್ನು ನನ್ನ ಕಾರಿನ ಮೇಲೆ ಒಂದೊಂದಾಗಿ ಮಾಡಿ ನೋಡಿದೆ. 1990ರ ದಶಕದ ಕೊನೆಯ ಕಾರು, ಎರಡೇ ಸೀಟು, ಮಡಚುವ ಬಟ್ಟೆಯ ಟಾಪ್. ದುಡ್ಡು ಹಾಕುವುದಿದ್ದರೆ ಮೊದಲು ಕೋಡ್, ಅಂದರೆ ದೋಷ ಎಲ್ಲಿದೆ ಅಂತ ಕಾರು ದಾಖಲಿಸಿಕೊಳ್ಳುವ ಸಂಕೇತ, ಸರಿಯಾಗಿ ಓದುವುದಕ್ಕೆ ಹಾಕಿ, ಪಾರ್ಟ್ಸ್ ಆಮೇಲೆ ನೋಡೋಣ ಅನ್ನುವುದು ನನ್ನ ತೀರ್ಮಾನ.

ಈ ಲೈಟ್ ಯಾಕೆ ಇಷ್ಟು ಸೂಕ್ಷ್ಮ ಅಂತ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಪ್ರತಿ ಸರ್ಕ್ಯೂಟ್‌ನ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ಅಡ್ಡಿ, ಓಮ್‌ನಲ್ಲಿ ಅಳೆಯುವುದು) ನೋಡುತ್ತಲೇ ಇರುತ್ತದೆ. ಏರ್‌ಬ್ಯಾಗನ್ನು ಸಿಡಿಸುವ ಪುಟ್ಟ ಇಗ್ನೈಟರ್‌ನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಸುಮಾರು 2 ಓಮ್. ಎಲ್ಲೋ ಒಂದು ಕನೆಕ್ಟರ್‌ನಲ್ಲಿ ಕಿಲುಬು ಹಿಡಿದು ಒಂದೆರಡು ಓಮ್ ಸೇರಿದರೂ ಸಾಕು, ಲೈಟ್ ಬಂತು. ಹಾರ್ನ್‌ಗೋ ಕಿಟಕಿ ಮೋಟಾರಿಗೋ ಅಷ್ಟು ಕಿಲುಬು ಲೆಕ್ಕಕ್ಕೇ ಇಲ್ಲ. ಹಾಗಾಗಿ ಹಳೇ ಕಾರಿನಲ್ಲಿ ಏರ್‌ಬ್ಯಾಗ್‌ಗಿಂತ ಅದರ ವೈರು, ಕನೆಕ್ಟರು, ಸ್ವಿಚ್‌ಗಳೇ ಜಾಸ್ತಿ ಕೈಕೊಡುವುದು. ಲೈಟ್ ಉರಿಯುತ್ತಿರುವಾಗ ಅಪಘಾತವಾದರೆ ಏರ್‌ಬ್ಯಾಗ್ ತೆರೆಯುತ್ತದೆ ಅಂತ ನಂಬುವ ಹಾಗಿಲ್ಲ. ಆದ್ದರಿಂದ 'ಆಮೇಲೆ ನೋಡಿಕೊಳ್ಳೋಣ' ಅನ್ನುವ ಪಟ್ಟಿಗೆ ಇದು ಸೇರಬಾರದು.

ಯಾವ ಸ್ಕ್ಯಾನರ್ ಹಿಡಿಯುವ ಮೊದಲೂ ಬ್ಯಾಟರಿ ನೋಡಿ. ಸ್ಪೋರ್ಟ್ಸ್ ಕಾರುಗಳು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ, ಅಲ್ವಾ? ಸೋತ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಕುಸಿದು ಕೋಡ್ ದಾಖಲಾಗಬಹುದು. ಆಮೇಲೆ ಬ್ಯಾಟರಿ ಪೂರ್ತಿ ಚಾರ್ಜ್ ಆದರೂ ಎಷ್ಟೋ ಕಾರುಗಳಲ್ಲಿ ಆ ಕೋಡ್ ಅಳಿಸುವ ತನಕ ಲೈಟ್ ಹೋಗುವುದಿಲ್ಲ.

ಈಗ ಕೋಡ್ ಓದುವ ಸಾಧನಗಳು. ಇಎಲ್ಎಂ327 ಚಿಪ್ ಇರುವ, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ರೀಡರ್ ಈ ಕೆಲಸಕ್ಕೆ ಬರಲಿಲ್ಲ. ಅದರ ತಪ್ಪೇನೂ ಇಲ್ಲ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರ ಹೊತ್ತಿಗೆ ಕಡ್ಡಾಯವಾದ ಓಬಿಡಿ (ಕಾರು ತನ್ನ ದೋಷ ತಾನೇ ಪತ್ತೆಹಚ್ಚಿ ಹೇಳುವ ವ್ಯವಸ್ಥೆ) ನಿಯಮ ಹುಟ್ಟಿದ್ದು ಹೊಗೆ ನಿಯಂತ್ರಣಕ್ಕೆ. ಇಂಜಿನ್ ಕೋಡ್‌ಗಳನ್ನು ಎಲ್ಲ ರೀಡರ್‌ಗಳೂ ಓದುವಂತಿರಬೇಕು ಅಂತ ಅದು ಹೇಳುತ್ತದೆ. ಏರ್‌ಬ್ಯಾಗ್ ಯೂನಿಟ್ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಆಯಾ ಕಂಪನಿಯ ಸ್ವಂತ ವಿಷಯ. ಆ್ಯಪ್ 'ಯಾವ ದೋಷವೂ ಇಲ್ಲ' ಅಂದಿತು, ಪಕ್ಕದಲ್ಲೇ ಕೆಂಪು ದೀಪ ಉರಿಯುತ್ತಿತ್ತು. ಕೆಲವು ಹಳೇ ಕಾರುಗಳಲ್ಲಿ ಆ ದೀಪವೇ ಮಿನುಗಿ ಕೋಡ್ ಹೇಳುತ್ತದೆ, ಎಣಿಸಿಕೊಂಡರೆ ಸಾಕು. ನನ್ನದರಲ್ಲಿ ಆ ಸೌಕರ್ಯ ಇಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಸರ್ವಿಸ್ ಮ್ಯಾನ್ಯುಯಲ್ ತೆಗೆದು ನೋಡಿ, ಖರ್ಚೇ ಇಲ್ಲದ ಕೆಲಸ.

ನಿಜವಾದ ಪೈಪೋಟಿ ಇದ್ದದ್ದು ಎರಡರ ನಡುವೆ: ಹಲವು ಕಂಪನಿಗಳ ಕಾರು ಓದುವ ಕೈಸ್ಕ್ಯಾನರ್, ಮತ್ತು ಒಂದೇ ಕಂಪನಿಯ ಕಾರುಗಳಿಗಾಗಿ ಮಾಡಿದ ಲ್ಯಾಪ್‌ಟಾಪ್ ಸಾಫ್ಟ್‌ವೇರ್.

ಕೈಸ್ಕ್ಯಾನರ್ ಏರ್‌ಬ್ಯಾಗ್ ಯೂನಿಟ್‌ವರೆಗೆ ಸಲೀಸಾಗಿ ತಲುಪಿತು. ಕೋಡ್ ಕೊಟ್ಟಿತು, ಅಳಿಸಿತು, ಲೈಟೂ ಆರಿತು. ಆದರೆ ವಿವರಣೆ ಮಾತ್ರ ಅರೆಬರೆ. 'ಚಾಲಕನ ಬದಿ, ರೆಸಿಸ್ಟೆನ್ಸ್ ಜಾಸ್ತಿ' ಅಂದರೆ ಏನು ಹಿಡಿಯುವುದು? ಸ್ಟೀರಿಂಗ್ ಒಳಗಿನ ಏರ್‌ಬ್ಯಾಗಾ, ಬಾಗಿಲಿನದ್ದಾ, ಸೀಟ್ ಬೆಲ್ಟಿನದ್ದಾ? ಅದೇ ಕೋಡ್ ಮರಳಿ ಬಂದಾಗ ಲ್ಯಾಪ್‌ಟಾಪ್ ಜೋಡಿಸಿದೆ. ಅದು ನೇರವಾಗಿ 'ಚಾಲಕನ ಸೀಟ್ ಬೆಲ್ಟ್ ಬಕಲ್' ಅಂದಿತು. ದೋಷ ಈ ಕ್ಷಣ ಇದೆಯೋ, ಬಂದು ಹೋಗುತ್ತಿದೆಯೋ ಅನ್ನುವುದನ್ನೂ ಬೇರೆ ಮಾಡಿ ತೋರಿಸಿತು. ಈ ಎರಡನೇ ಮಾಹಿತಿಯೇ ನನ್ನನ್ನು ಉಳಿಸಿದ್ದು. ಕೋಡ್ ಅಳಿಸಿ, ಬೆಲ್ಟ್ ಹಾಕಿ ಬಿಚ್ಚಿ, ಮತ್ತೆ ಓದಿದೆ. ಆಮೇಲೆ ಸೀಟನ್ನು ಮುಂದಕ್ಕೆ ಹಿಂದಕ್ಕೆ ಸರಿಸಿ ಓದಿದೆ. ಸೀಟ್ ಸರಿಸಿದಾಗ ಏನೂ ಆಗಲಿಲ್ಲ, ಬಕಲ್ ಹಾಕಿದಾಗ ಕೋಡ್ ಬಂತು. ಸೀಟಿನ ಕೆಳಗಿನ ವೈರಿನ ಮೇಲಿದ್ದ ಅನುಮಾನ ಅಲ್ಲಿಗೆ ಸಡಿಲವಾಯಿತು.

ಸಾಫ್ಟ್‌ವೇರ್‌ನ ತೊಂದರೆಗಳೂ ಕಡಿಮೆ ಇಲ್ಲ. ಇಕ್ಕಟ್ಟಾದ ಕ್ಯಾಬಿನ್‌ನಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್, ಕಾಲ ಸಂದಿಯಲ್ಲಿ ಕೇಬಲ್. ಮನೆಯ ಇನ್ನೊಂದು ಕಾರಿಗೆ ಅದು ಕೆಲಸಕ್ಕೇ ಬಾರದು. ಕೈಸ್ಕ್ಯಾನರ್ ಆದರೆ ಎಬಿಎಸ್ ಲೈಟಿಗೂ ಆಗುತ್ತದೆ, ಅಕ್ಕಪಕ್ಕದವರ ಕಾರಿಗೂ ಆಗುತ್ತದೆ. ಈ ಹಳೇ ಕಾರನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಸಾಫ್ಟ್‌ವೇರ್ ತಗೊಳ್ಳಿ. ಇಲ್ಲದಿದ್ದರೆ ಕೈಸ್ಕ್ಯಾನರ್ ಮತ್ತು ತಾಳ್ಮೆ.

ರಿಪೇರಿಗೆ ಬಂದರೆ, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಯೂನಿಟ್‌ನ ಕೆಪಾಸಿಟರ್‌ಗಳಲ್ಲಿ ಏರ್‌ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ನಾನು ಅದಕ್ಕಿಂತ ಜಾಸ್ತಿಯೇ ಕಾಯುತ್ತೇನೆ. ಸೀಟ್ ಬಿಚ್ಚಿಟ್ಟು ಸುಮ್ನೆ ಕುತೂಹಲಕ್ಕೂ ಇಗ್ನಿಷನ್ ಆನ್ ಮಾಡಬೇಡಿ, ಹೊಸ ಕೋಡ್‌ಗಳು ಸಾಲುಗಟ್ಟುತ್ತವೆ. ಏರ್‌ಬ್ಯಾಗ್‌ಗೆ ಮಲ್ಟಿಮೀಟರ್ ಹಿಡಿಯುವುದಂತೂ ಬೇಡವೇ ಬೇಡ. ಮೀಟರ್ ಬಿಡುವ ಚೂರು ಕರೆಂಟ್‌ನಿಂದಲೂ ಅದು ಸಿಡಿಯುವ ಅಪಾಯ ಇದೆ.

ಮೊದಲು ಸ್ಪ್ರೇ ದಾರಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಲು ಬಿಟ್ಟು ಮತ್ತೆ ಒತ್ತಿ ಕೂರಿಸಿದೆ. ಬಕಲ್ ಒಳಗೂ ಸ್ವಲ್ಪ ಹೊಡೆದೆ. ಲೈಟ್ ಕೆಲವು ವಾರ ಸುಮ್ಮನಿತ್ತು, ಆಮೇಲೆ ಒಂದು ಚಳಿ ಬೆಳಗ್ಗೆ ಹಾಜರು. ಹೊಸ ಬಕಲ್ ಹಾಕಿ ಕೋಡ್ ಅಳಿಸಿದ ಮೇಲೆ ಇವತ್ತಿನವರೆಗೂ ಬಂದಿಲ್ಲ. ಹಾಗಂತ ಸ್ಪ್ರೇ ದಂಡ ಅನ್ನಲಾರೆ. ದೋಷ ಕನೆಕ್ಟರ್‌ನಲ್ಲೇ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗುಜರಿಯಿಂದ ತಂದ ಹಳೇ ಬಕಲ್ ಮಾತ್ರ ಬೇಡ. ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ನನ್ನ ಕಾರಿಗೆ ಅನ್ವಯವಾಗದ, ಆದರೆ ಬೇರೆಯವರಿಗೆ ಸಿಗಬಹುದಾದ ಇನ್ನೊಂದು ಇದೆ: ಸ್ಟೀರಿಂಗ್ ಹಿಂದಿನ ಕ್ಲಾಕ್ ಸ್ಪ್ರಿಂಗ್. ಸ್ಟೀರಿಂಗ್ ತಿರುಗಿದರೂ ಅದರೊಳಗಿನ ಏರ್‌ಬ್ಯಾಗ್, ಹಾರ್ನ್‌ಗಳ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ, ಸುರುಳಿ ಸುತ್ತಿದ ರಿಬ್ಬನ್ ಕೇಬಲ್ ಅದು. ಸ್ಟೀರಿಂಗ್ ತಿರುಗಿಸಿದಾಗ ಕೋಡ್ ಬಂದರೆ, ಜೊತೆಗೆ ಹಾರ್ನೂ ಕೈಕೊಟ್ಟರೆ, ಬಕಲ್ ಬಿಟ್ಟು ಅದನ್ನು ನೋಡಿ. ಜೋಡಿಸುವಾಗ ಚಕ್ರಗಳು ನೇರವಾಗಿರಬೇಕು, ಸ್ಪ್ರಿಂಗ್ ನಡುಮಧ್ಯದಲ್ಲಿರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರಿಬ್ಬನ್ ಹರಿಯುತ್ತದೆ. ಸ್ಟೀರಿಂಗ್ ಏರ್‌ಬ್ಯಾಗ್ ಬಿಚ್ಚಲೇಬೇಕಾದ ಈ ಕೆಲಸವನ್ನು ನಾನಾದರೆ ವರ್ಕ್‌ಶಾಪಿಗೇ ಕೊಡುತ್ತೇನೆ.

ರೆಸಿಸ್ಟರ್ ಉಪಾಯದ ಬಗ್ಗೆಯೂ ಕೇಳಿರುತ್ತೀರಿ. ಏರ್‌ಬ್ಯಾಗ್ ಜಾಗದಲ್ಲಿ 2 ಓಮ್‌ನ ರೆಸಿಸ್ಟರ್ ಸಿಕ್ಕಿಸಿದರೆ ಯೂನಿಟ್ ಮೋಸಹೋಗಿ ಲೈಟ್ ಆರಿಸುತ್ತದೆ. ದೋಷ ವೈರಿನದ್ದೋ ಏರ್‌ಬ್ಯಾಗಿನದ್ದೋ ಅಂತ ಪರೀಕ್ಷಿಸಲು ಮೆಕ್ಯಾನಿಕ್‌ಗಳು ಸ್ವಲ್ಪ ಹೊತ್ತು ಹೀಗೆ ಮಾಡುವುದುಂಟು. ಅದನ್ನೇ ಖಾಯಂ ಬಿಟ್ಟರೆ ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತದೆ, ಮುಂದೆ ಆ ಕಾರು ಕೊಂಡವರಿಗೂ ಹೇಳುತ್ತದೆ.

ಹಳೇ ಕಾರು ಕೊಳ್ಳಲು ಹೋದಾಗ ಕೀ ತಿರುಗಿಸಿ ಇದನ್ನು ಗಮನಿಸಿ. ಲೈಟ್ ಕೆಲವು ಸೆಕೆಂಡ್ ಹೊತ್ತಿ ತಾನಾಗಿ ಆರಬೇಕು. ಹೊತ್ತಲೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಇಲ್ಲಾ ಯಾರೋ ಕಿತ್ತಿದ್ದಾರೆ. ಪಕ್ಕದ ಲೈಟ್ ಜೊತೆಗೇ ಹೊತ್ತಿ ಅದರ ಜೊತೆಗೇ ಆರಿದರೆ ಎರಡನ್ನೂ ಒಂದೇ ವೈರಿಗೆ ಕಟ್ಟಿರಬಹುದು. ರೆಸಿಸ್ಟರ್ ಹಾಕಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಚಾಸಿಸ್ ನಂಬರ್ ಹಾಕಿ ಟಕಾಟಾ ಏರ್‌ಬ್ಯಾಗ್ ರಿಕಾಲ್ (ಸಿಡಿಯುವಾಗ ಲೋಹದ ಚೂರು ಹಾರಿಸಬಲ್ಲ ಟಕಾಟಾ ಕಂಪನಿಯ ಏರ್‌ಬ್ಯಾಗನ್ನು ಬದಲಾಯಿಸಿಕೊಡಲು ಕಾರು ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತಲೂ ನೋಡಿಬಿಡಿ. ಆ ದೋಷಕ್ಕೆ ಯಾವ ಲೈಟೂ ಹೊತ್ತುವುದಿಲ್ಲ.