ಆಯಸ್ಕಾಂತದ ನೀರಿನ ಅಣುಗಳ ಕಿಟ್: ಹೈಡ್ರೋಜನ್ ಬಂಧಕ್ಕೆ ಸೂಪರ್, ಲಂಡನ್ ಬಲಕ್ಕೆ ಸಾಲದು

ನಾನು ಕೆಮಿಸ್ಟ್ರಿ ಟೀಚರ್. ಈ ಕಿಟ್ ನನಗೆ ತುಂಬಾ ಹಿಡಿಸಿದೆ. ಪ್ಲಾಸ್ಟಿಕ್‌ನ 12 ನೀರಿನ ಅಣುಗಳಿವೆ. ಕೆಂಪು ಆಕ್ಸಿಜನ್, ಬಿಳಿ ಹೈಡ್ರೋಜನ್, ಒಳಗೆ ಪುಟ್ಟ ಆಯಸ್ಕಾಂತಗಳು. ಜೊತೆಗೆ ಎಥನಾಲ್ ಮತ್ತು ಈಥೇನ್ ಒಂದೊಂದು.

ನೀರು ಕುದಿಯುವಾಗ ಏನು ಬಿಡಿಸಿಕೊಳ್ಳುತ್ತದೆ ಅಂತ ಕೇಳಿದರೆ, ಎಷ್ಟೋ ಮಕ್ಕಳು ಹೈಡ್ರೋಜನ್ನು, ಆಕ್ಸಿಜನ್ನು ಬೇರೆಯಾಗುತ್ತವೆ ಅನ್ನುತ್ತಾರೆ. ಆಗ ಅಣುಗಳನ್ನು ಡಬ್ಬಿಗೆ ಹಾಕಿ ಅವರ ಕೈಗೇ ಕೊಡುತ್ತೇನೆ. ಜೋರಾಗಿ ಅಲ್ಲಾಡಿಸಿದರೆ ಗುಂಪು ಚದುರುತ್ತದೆ, ಆದರೆ ಒಂದು ಅಣುವೂ ಮುರಿಯುವುದಿಲ್ಲ. ಅಣುವಿನೊಳಗಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು. ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ಇದಾದ ಮೇಲೆ ಬೋರ್ಡ್ ಮೇಲೆ ಬರೆದ ಆ ಅಂಕಿಗಳಿಗೆ ಅರ್ಥ ಬರುತ್ತದೆ. ಆ 20 ಕೂಡ ಸಣ್ಣದಲ್ಲ. ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರದ ಅಣು, ಆದರೂ ಅದರಲ್ಲಿ ಇಷ್ಟು ಗಟ್ಟಿ ಹೈಡ್ರೋಜನ್ ಬಂಧ ಇಲ್ಲದ್ದರಿಂದ ಮೈನಸ್ 60 ಡಿಗ್ರಿಗೇ ಕುದಿಯುತ್ತದೆ.

ಮಂಜುಗಡ್ಡೆ ಕಟ್ಟುವ ಭಾಗವಂತೂ ಅದ್ಭುತ. ಬಿಳಿ ತುದಿ ಕೆಂಪಿಗೆ ಮಾತ್ರ ಟಕ್ ಅಂತ ಕೂರುತ್ತದೆ. ಬಿಳಿಗೆ ಬಿಳಿ ಹಿಡಿದರೆ ಬೆರಳಿನಲ್ಲೇ ತಳ್ಳಾಟ ಗೊತ್ತಾಗುತ್ತದೆ. ಆರು ಅಣು ಸೇರಿಸಿದರೆ ಉಂಗುರ, ನಡುವೆ ಖಾಲಿ ಜಾಗ. ಮಂಜುಗಡ್ಡೆ ಯಾಕೆ ತೇಲುತ್ತದೆ ಅಂತ ಆಮೇಲೆ ಜಾಸ್ತಿ ಹೇಳಬೇಕಾಗಿಲ್ಲ. ನಿಜವಾದ ಸೆಳೆತ ಆಯಸ್ಕಾಂತದ್ದಲ್ಲ, ವಿದ್ಯುತ್ ಆವೇಶದ್ದು ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ.

ಈಥೇನ್ ವಿಷಯದಲ್ಲಿ ನನಗೆ ಬೇಜಾರಿದೆ. ಅದರೊಳಗೆ ಆಯಸ್ಕಾಂತವೇ ಇಲ್ಲ. ಹಾಗಾಗಿ ಈಥೇನ್ ಅಣುಗಳ ನಡುವೆ ಸೆಳೆತವೇ ಇಲ್ಲ ಅಂತ ಮಕ್ಕಳಿಗೆ ಅನಿಸುತ್ತದೆ. ಸೆಳೆತ ಇಲ್ಲದಿದ್ದರೆ ಅದು ಮೈನಸ್ 89 ಡಿಗ್ರಿಯಲ್ಲಿ ದ್ರವ ಆಗುತ್ತಿತ್ತಾ? ಎಲೆಕ್ಟ್ರಾನ್ ಮೋಡ ಕ್ಷಣಕಾಲ ಒಂದು ಕಡೆ ವಾಲಿದರೆ ಪಕ್ಕದ ಅಣುವಿನ ಮೋಡವೂ ವಾಲುತ್ತದೆ, ಎರಡರ ನಡುವೆ ಸೆಳೆತ ಹುಟ್ಟುತ್ತದೆ. ಭೌತವಿಜ್ಞಾನಿ ಫ್ರಿಟ್ಜ್ ಲಂಡನ್ 1930ರಲ್ಲಿ ವಿವರಿಸಿದ್ದು ಇದನ್ನೇ, ಲಂಡನ್ ಬಲ ಅನ್ನುವುದೂ ಇದಕ್ಕೇ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಇದನ್ನು ತೋರಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಕೈಪಿಡಿಯಲ್ಲಿ ಎರಡು ಸಾಲಾದರೂ ಬರೆಯಬಹುದಿತ್ತು ಅಲ್ವಾ? ನಾನು ಆ ಜಾಗದಲ್ಲಿ ಹ್ಯಾಲೋಜನ್‌ಗಳ ಉದಾಹರಣೆ ಕೊಡುತ್ತೇನೆ. ಕೋಣೆಯ ಉಷ್ಣತೆಯಲ್ಲಿ ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಮೂರರ ಅಣುಗಳಿಗೂ ಧ್ರುವಗಳಿಲ್ಲ, ಅಂದರೆ ಕಾಯಂ ಆದ ಧನ, ಋಣ ತುದಿಗಳಿಲ್ಲ. ಬೆಳೆಯುವುದು ಎಲೆಕ್ಟ್ರಾನ್‌ಗಳ ಸಂಖ್ಯೆ: ಅಣುವಿಗೆ 34, 70, 106. ಅದರ ಜೊತೆಗೇ ಲಂಡನ್ ಬಲವೂ ಬೆಳೆಯುತ್ತದೆ.

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಖಂಡಿತ ಕೊಳ್ಳಿ. ತರಗತಿ ದೊಡ್ಡದಿದ್ದರೆ ಎರಡು ಸೆಟ್ ಬೇಕು. 12 ಅಣುಗಳಿಂದ ಎರಡು ಉಂಗುರ ಆಗುವಷ್ಟರಲ್ಲೇ ಡಬ್ಬಿ ಖಾಲಿ.